ವಿಗಾನ್ ಮಗ್ಗದ ಮೇಲೊಂದು ಗಂಟು

ಕೆಲಸಕ್ಕೆಂದು ಮನಿಲಾಗೆ ಬಂದು ಎರಡು ವರ್ಷವಾಗಿತ್ತು. ನಾಲ್ಕು ದಿನ ರಜೆ ಸಿಕ್ಕರೆ ಸಾಕು, ಜೊತೆಯವರೆಲ್ಲ ಬೊರಾಕಾಯ್, ಪಲಾವಾನ್ ಅಂತ ಸಮುದ್ರದ ಕಡೆ ಮುಖ ಮಾಡುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಬೇರೊಂದು ಊರು ಕೂತುಬಿಟ್ಟಿತ್ತು. ಕಚೇರಿಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಎಸಿ ಚಳಿಗೆಂದು ಹೊದ್ದು ಬಂದಿದ್ದ ಬಟ್ಟೆ ಅದಕ್ಕೆ ಕಾರಣ. ಬರೀ ಕಪ್ಪು ಬಿಳುಪು ಚೌಕಗಳು. ಆದರೆ ಒಂದು ನಿಮಿಷ ದಿಟ್ಟಿಸಿದರೆ ಚೌಕಗಳೆಲ್ಲ ಕರಗಿ ಸುಳಿಗಳಾಗಿ ತಿರುಗತೊಡಗುತ್ತಿದ್ದವು. ನಾನು ಕೈ ಚಾಚಿ ಅಂಚು ಹಿಡಿದು, ಮಗುಚಿ, ಹಿಂಬದಿ ನೋಡಿದೆ. ನೇಕಾರರ ಮನೆಯ ಮಕ್ಕಳು ಬಟ್ಟೆಯ ಮುಖಕ್ಕಿಂತ ಮೊದಲು ಬೆನ್ನು ನೋಡುತ್ತಾರೆ. "ಕೈಮಗ್ಗದ್ದಲ್ವಾ ಇದು?" ಅಂದೆ. "ಹೌದು, ಆಬೆಲ್. ನಮ್ಮಜ್ಜಿ ಊರಿನದು, ವಿಗಾನ್" ಅಂದಳು.

ನಾನು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವಳು. ಅಪ್ಪ ಮೂವತ್ತು ವರ್ಷ ಖಣ ನೇಯ್ದವರು. ನಡುಮನೆಯ ಕುಣಿಮಗ್ಗದಲ್ಲಿ ಅವರು ಸೊಂಟದವರೆಗೆ ನೆಲದೊಳಗೆ ಇಳಿದು ಕೂತಿರುತ್ತಿದ್ದ ಚಿತ್ರವೇ ನನಗೆ ಬಾಲ್ಯ. ಕಂಡಿಕೆ ಸುತ್ತುವುದು ಅವ್ವನ ಮತ್ತು ನನ್ನ ಕೆಲಸ. ಮಗ್ಗಕ್ಕೆ ಮಾತ್ರ ಅಪ್ಪ ನನ್ನನ್ನು ಯಾವತ್ತೂ ಕೂರಿಸಲಿಲ್ಲ. "ನೀ ಓದವ್ವಾ, ಇದು ನನ್ನ ಕೂಡ ಮುಗೀಲಿ" ಅನ್ನುತ್ತಿದ್ದರು. ಹಾಗೇ ಆಯಿತು. ಮಂಡಿ ನೋವು ಬಂತು, ಕೂಲಿ ಗಿಟ್ಟದಾಯಿತು, ಮಗ್ಗ ಬಿಚ್ಚಿ ಮರವನ್ನು ಅಟ್ಟಕ್ಕೆ ಹಾಕಿದರು. ಕುಣಿಗೆ ಮಣ್ಣು ತುಂಬಿ ಗಾರೆ ಹಾಕಿದ ಜಾಗ ಇವತ್ತಿಗೂ ಬರಿಗಾಲಿಗೆ ಬೇರೆ ಥರ ತಣ್ಣಗೆ ತಾಗುತ್ತದೆ.

ಅದಕ್ಕೇ ವಿಗಾನ್‌ಗೆ ಹೊರಟೆ. ಅಪ್ಪನಿಗೆ ಅಲ್ಲಿನ ಒಂದು ಬಟ್ಟೆ ತರಬೇಕು, ಅದನ್ನು ನೇಯುವ ಮಗ್ಗ ನೋಡಬೇಕು, ಇಷ್ಟೇ ಉದ್ದೇಶ.

ಮನಿಲಾದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್. ಕುಬಾವೊದಿಂದ ರಾತ್ರಿ ಬಸ್ಸುಗಳಿವೆ. ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಒಳಗೆ ಚಳಿ ಹಲ್ಲು ಕಟಕಟ ಅನ್ನುವಷ್ಟು, ಹೊದಿಕೆ ಇಲ್ಲದೆ ಹತ್ತಬೇಡಿ. ಗುರುವಾರ ರಾತ್ರಿ ಹೊರಟವಳು ಶುಕ್ರವಾರ ಐದಕ್ಕೂ ಮುಂಚೆ ಇಳಿದೆ. ಉಳಿದುಕೊಳ್ಳುವ ಮನೆಯ ಬಾಗಿಲು ತೆಗೆಯಲು ಇನ್ನೂ ಎರಡು ಗಂಟೆ ಇತ್ತು. ಚೀಲ ಹೆಗಲಿಗೇರಿಸಿ ಊರೊಳಗೆ ನಡೆದೆ. ಆ ಎರಡು ಗಂಟೆ ಸಿಕ್ಕಿದ್ದು ನನ್ನ ಪುಣ್ಯ ಅಂತಲೇ ಇವತ್ತಿಗೂ ಅಂದುಕೊಳ್ಳುತ್ತೇನೆ.

ಕಾಯೆ ಕ್ರಿಸೊಲೊಗೊ ಅನ್ನುವುದು ವಿಗಾನ್‌ನ ಎಲ್ಲ ಫೋಟೋಗಳಲ್ಲಿ ಬರುವ ಕಲ್ಲುಹಾಸಿನ ಬೀದಿ. ಅರ್ಧ ಕಿಲೋಮೀಟರಿನಷ್ಟು ಉದ್ದ, ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ. ಹತ್ತು ಗಂಟೆಯ ನಂತರ ಹೋದರೆ ಜಾತ್ರೆಯ ಗದ್ದಲ. ಬೆಳಗಿನ ಜಾವ ಅಲ್ಲಿ ನಾನೊಬ್ಬಳು, ಪೊರಕೆ ಹಿಡಿದ ಒಬ್ಬ ಅಜ್ಜಿ, ಮತ್ತೆಲ್ಲೋ ಒಳಓಣಿಯಲ್ಲಿ ಕುದುರೆಯ ಗೊರಸಿನ ಸದ್ದು. ಎರಡೂ ಬದಿ ಎರಡಂತಸ್ತಿನ ಮನೆಗಳು. ಕೆಳಗೆ ಇಟ್ಟಿಗೆಗೆ ಸುಣ್ಣದ ಗಾರೆ ಮೆತ್ತಿದ ದಪ್ಪ ಗೋಡೆ, ಮೇಲೆ ಮರದ ಅಂತಸ್ತು. ಗಾರೆ ಉದುರಿದ ಕಡೆ ಇಟ್ಟಿಗೆ ಕೆಂಪಗೆ ಇಣುಕುತ್ತದೆ. ಗಾಡಿ ಒಳಗೆ ಹೋಗುವಷ್ಟು ಅಗಲದ ಹೆಬ್ಬಾಗಿಲು, ಒಳಗೆ ಸಗುವಾನ್ ಅನ್ನುವ ಕಲ್ಲುಹಾಸಿನ ಮೊಗಸಾಲೆ. ಹಿಂದೆ ಕುದುರೆಗಾಡಿ, ಜಾತ್ರೆಯ ಮೆರವಣಿಗೆಯ ರಥ, ಧಾನ್ಯದ ಮೂಟೆ ಎಲ್ಲಕ್ಕೂ ಅದೇ ಜಾಗ. ಮನೆಯವರ ವಾಸವೆಲ್ಲ ಮೇಲೆ.

ಬೆಳಕು ಹರಿದ ಮೇಲೆ ಕಿಟಕಿಗಳು ಕಣ್ಣಿಗೆ ಬಿದ್ದವು. ಗಾಜಿಲ್ಲ. ಮರದ ಜಾಲಂದ್ರದ ಪುಟ್ಟ ಪುಟ್ಟ ಚೌಕಗಳಲ್ಲಿ ಕಾಪಿಸ್ ಅನ್ನುವ ಚಿಪ್ಪಿನ ತೆಳು ಹಾಳೆ ಕೂರಿಸಿದ್ದಾರೆ. ಹಾಲಿಗೆ ನೀರು ಬೆರೆಸಿದಂಥ ಬಣ್ಣ. ಬಿಸಿಲನ್ನು ಒಳಗೆ ಬಿಡುತ್ತದೆ, ಅದರ ಉರಿಯನ್ನು ಬಿಡುವುದಿಲ್ಲ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಗೋವಾದ ಹಳೇ ಪೋರ್ಚುಗೀಸ್ ಕಾಲದ ಮನೆಗಳಲ್ಲಿ! ಅಲ್ಲೂ ಇದೇ ಚಿಪ್ಪಿನ ಕಿಟಕಿ. ಒಂದು ಕಿಟಕಿ ಜರುಗಿ ತೆರೆದುಕೊಂಡಿತು, ಯಾರೋ ಒದ್ದೆ ಟವೆಲ್ ಒಣಹಾಕಿದರು. ಅಲ್ಲಿ ಜನ ಇದ್ದಾರೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಹೊಸ್ತಿಲು ಗುಡಿಸುತ್ತಿದ್ದ ಅಜ್ಜಿಗೆ ಸಹೋದ್ಯೋಗಿ ಹೇಳಿಕೊಟ್ಟಿದ್ದ, ಈ ಕಡೆಯ ಜನರ ಭಾಷೆಯಾದ ಇಲೋಕಾನೊದ ಮಾತು ಒಪ್ಪಿಸಿದೆ: "ನಾಯಿಂಬಾಗ್ ಆ ಬಿಗಾತ್, ಅಪೊ." ಶುಭೋದಯ ಅಂತ ಅರ್ಥ. ಹಿರಿಯರಿಗೆ ಮರ್ಯಾದೆ ಕೊಟ್ಟು ಕೂಗುವಾಗ ಕೊನೆಗೊಂದು 'ಅಪೊ' ಬರಲೇಬೇಕು. ನಮ್ಮ ಕಡೆ 'ಏನ್ರೀಯಪ್ಪಾ' ಅಂದ ಹಾಗೇ ಕಿವಿಗೆ ಬಿತ್ತು. ಅಜ್ಜಿ ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋಗಿ ಒಂದು ಸ್ಟೂಲು ತಂದಿಟ್ಟರು. ಎರಡು ಗಂಟೆ ಕಳೆದದ್ದು ಆ ಸ್ಟೂಲಿನ ಮೇಲೆ.

ಊರಿನ ಕಥೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಆ ಗೋಡೆಗಳು ಬರೀ ಹಳೇ ಗೋಡೆಗಳಾಗಿ ಉಳಿಯುತ್ತವೆ. 1572ರಲ್ಲಿ ಹುವಾನ್ ದೆ ಸಾಲ್ಸೆದೊ ಎಂಬ ಸ್ಪೇನಿನ ದಂಡನಾಯಕ ಇಲ್ಲಿ ನೆಲೆಯೂರಿ ಊರಿಗೆ ವಿಯ್ಯಾ ಫರ್ನಾಂದಿನಾ ಅಂತ ಹೆಸರಿಟ್ಟ. ಆದರೆ ಜನರ ಬಾಯಲ್ಲಿ ಉಳಿದದ್ದು ನದಿದಂಡೆಯ ಒಂದು ಗಿಡದ ಹೆಸರು. 'ಬಿಗಾಆ' ಅಂದರೆ ನಮ್ಮ ಕೆಸುವಿನ ಜಾತಿಯ, ಆನೆಕಿವಿಯಂಥ ಎಲೆಯ ಗಿಡ. ಅದೇ ಸ್ಪೇನಿನವರ ನಾಲಿಗೆಯಲ್ಲಿ ವಿಗಾನ್ ಆಯಿತಂತೆ. ಸ್ಪೇನಿನವರು ಬರುವ ಮೊದಲೇ ಚೀನೀ ವ್ಯಾಪಾರಿಗಳು ಇಲ್ಲಿಗೆ ಬರುತ್ತಿದ್ದರು. ಅವರಲ್ಲಿ ಅನೇಕರು ಇಲೋಕಾನೊ ಹೆಣ್ಣುಮಕ್ಕಳನ್ನು ಮದುವೆಯಾಗಿ ನೆಲೆ ನಿಂತರು. ಅವರ ಮಕ್ಕಳು ಮೊಮ್ಮಕ್ಕಳು, ಅಂದರೆ ಮೆಸ್ತಿಸೊಗಳು, ನೀಲಿ ಬಣ್ಣ, ಹೊಗೆಸೊಪ್ಪು, ಬಟ್ಟೆ ಮಾರಿ ಕಟ್ಟಿದ ಮನೆಗಳು ಈ ಬೀದಿಯವು. ಕೇರಿಗೆ ಈಗಲೂ ಕಸಂಗ್ಲಾಯನ್ ಅನ್ನುತ್ತಾರೆ, ಚೀನೀಯರ ಕೇರಿ ಅಂತ. ಬಟ್ಟೆ ಅಂದೆನಲ್ಲ, ಮನಿಲಾದಿಂದ ಮೆಕ್ಸಿಕೊದ ಅಕಾಪುಲ್ಕೊಗೆ ಪೆಸಿಫಿಕ್ ದಾಟಿ ಹೋಗುತ್ತಿದ್ದ ಗ್ಯಾಲಿಯನ್ ಹಡಗುಗಳಿಗೆ ಇಲೋಕೋಸ್, ಅಂದರೆ ವಿಗಾನ್ ಇರುವ ಈ ಸೀಮೆಯ, ಮಗ್ಗದ ಬಟ್ಟೆಯೇ ಹಾಯಿ. ಇದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಯಾವುದೋ ಮನೆಯ ಕೈಮಗ್ಗದಲ್ಲಿ ಯಾರೋ ಹೆಂಗಸು ನೇಯ್ದದ್ದು ಅಷ್ಟು ದೊಡ್ಡ ಕಡಲನ್ನು ದಾಟಿಸಿದೆ.

ಮುಂದೆ ನದಿಯಲ್ಲಿ ಹೂಳು ತುಂಬಿತು, ಹಡಗು ಬರುವುದು ನಿಂತಿತು. ದುಡ್ಡಿದ್ದವರು ಮನಿಲಾಗೆ ಹೋದರು. ಮನೆ ಕೆಡವಿ ಹೊಸದು ಕಟ್ಟುವಷ್ಟು ಗಳಿಕೆ ಊರಲ್ಲಿ ಉಳಿಯಲಿಲ್ಲ. ಮನಿಲಾದ ಕೋಟೆಯೂರು ಇಂತ್ರಾಮುರೊಸ್ 1945ರ ಫೆಬ್ರವರಿಯ ಯುದ್ಧದಲ್ಲಿ ನುಚ್ಚುನೂರಾಯಿತು, ವಿಗಾನ್ ಉಳಿಯಿತು. 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮಧ್ಯಾಹ್ನದವರೆಗೂ ವಸ್ತುಸಂಗ್ರಹಾಲಯ ಸುತ್ತಿದೆ. ಹೋಸೆ ಬುರ್ಗೋಸ್ ಹುಟ್ಟಿದ ಮನೆ ಇಲ್ಲಿದೆ. ಫಿಲಿಪಿನೋ ಪಾದ್ರಿಗಳಿಗೂ ಸಮಾನ ಹಕ್ಕು ಬೇಕೆಂದು ನಿಂತ ಈ ಪಾದ್ರಿಯನ್ನು 1872ರ ಫೆಬ್ರವರಿ 17ರಂದು ಮನಿಲಾದಲ್ಲಿ ಇನ್ನಿಬ್ಬರು ಪಾದ್ರಿಗಳ ಜೊತೆ ಕತ್ತು ಹಿಸುಕಿ ಕೊಂದರು. ಹಳೇ ಸೆರೆಮನೆಯೂ ಈಗ ವಸ್ತುಸಂಗ್ರಹಾಲಯ. ದೇಶದ ಆರನೆಯ ಅಧ್ಯಕ್ಷ ಎಲ್ಪಿದಿಯೊ ಕಿರಿನೊ 1890ರಲ್ಲಿ ಹುಟ್ಟಿದ್ದು ಆ ಸೆರೆಮನೆಯಲ್ಲೇ, ತಂದೆಗೆ ಅಲ್ಲಿ ಕಾವಲಿನ ಕೆಲಸ. ಮನಿಲಾ ಯುದ್ಧದಲ್ಲಿ ಜಪಾನಿ ಸೈನಿಕರ ಕೈಯಲ್ಲಿ ಅವರ ಹೆಂಡತಿ ಮತ್ತು ಮೂವರು ಮಕ್ಕಳು ಸತ್ತರು. ಅದೇ ಮನುಷ್ಯ ಅಧ್ಯಕ್ಷರಾಗಿ 1953ರಲ್ಲಿ ಸೆರೆಯಲ್ಲಿದ್ದ ನೂರಕ್ಕೂ ಹೆಚ್ಚು ಜಪಾನಿ ಯುದ್ಧ ಕೈದಿಗಳಿಗೆ ಕ್ಷಮೆ ಕೊಟ್ಟರು. ನಾನು ಆ ಕೋಣೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಕಾವಲಿನವರು ಬಂದು ಕುರ್ಚಿ ಬೇಕೇ ಎಂದು ಕೇಳಿದರು.

ಅಲ್ಲಿರುವ ಹದಿನಾಲ್ಕು ವರ್ಣಚಿತ್ರಗಳನ್ನು ಬಿಟ್ಟು ಬರಬೇಡಿ. ಕಬ್ಬಿನ ಹಾಲಿನಿಂದ ಮನೆಮನೆಯಲ್ಲೂ ಮಾಡುತ್ತಿದ್ದ ಬಾಸಿ ಎಂಬ ಮದ್ಯವನ್ನು ಸ್ಪೇನ್ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಮನೆಯವರು ಮಾಡಕೂಡದು, ಸರ್ಕಾರದಿಂದಲೇ ಕೊಳ್ಳಬೇಕು. 1807ರಲ್ಲಿ ಜನ ದಂಗೆಯೆದ್ದರು. ಸೋತರು. ಎಸ್ತೆಬಾನ್ ವಿಯ್ಯಾನುವೆವಾ ಎಂಬ ಊರಿನ ಚಿತ್ರಕಾರ 1821ರಲ್ಲಿ ಅದನ್ನೆಲ್ಲ ಬಿಡಿಸಿಟ್ಟ. ನಮ್ಮ ಗುಡಿಗಳ ಭಿತ್ತಿಚಿತ್ರದ ಹಾಗೆ, ಎಲ್ಲರೂ ಸಾಲಾಗಿ ನಿಂತವರು, ನೆರಳಿಲ್ಲ, ಆಳವಿಲ್ಲ. ಗಲ್ಲಿನ ಕಂಬದ ದೃಶ್ಯವೂ ಅಷ್ಟೇ ಒಪ್ಪವಾಗಿದೆ. ಅದಕ್ಕೇ ಎದೆಗೆ ನಾಟುತ್ತದೆ.

ಗಾಬ್ರಿಯೆಲಾ ಸಿಲಾಂಗ್ ಕಥೆಯಲ್ಲಿ ನಮ್ಮ ಕಡೆಯ ಎಳೆಯೂ ಒಂದಿದೆ. 1762ರಲ್ಲಿ ಮದರಾಸಿನಿಂದ ಹೊರಟ ಬ್ರಿಟಿಷ್ ಹಡಗುಗಳು ಮನಿಲಾವನ್ನು ಹಿಡಿದವು. ಹಡಗಿನಲ್ಲಿ ಮದರಾಸಿನ ಸಿಪಾಯಿಗಳೂ ಇದ್ದರು. ಅವರಲ್ಲಿ ಕೆಲವರು ತಿರುಗಿ ಹೋಗದೆ ಮನಿಲಾ ಬಳಿಯ ಕಾಯಿಂತಾದಲ್ಲೇ ಮದುವೆಯಾಗಿ ನಿಂತುಬಿಟ್ಟರು. ಸ್ಪೇನ್ ಹೀಗೆ ತಬ್ಬಿಬ್ಬಾದ ಹೊತ್ತಿನಲ್ಲೇ ದಿಯೆಗೊ ಸಿಲಾಂಗ್ ಇಲೋಕೋಸ್‌ನಲ್ಲಿ ಬಂಡೆದ್ದು ವಿಗಾನ್ ವಶಮಾಡಿಕೊಂಡ. 1763ರ ಮೇ 28ರಂದು ಅವನನ್ನು ಮೋಸದಿಂದ ಗುಂಡಿಕ್ಕಿ ಕೊಂದರು. ಹೆಂಡತಿ ಗಾಬ್ರಿಯೆಲಾ ದಂಡು ಕೈಗೆತ್ತಿಕೊಂಡು ನಾಲ್ಕು ತಿಂಗಳು ಹೋರಾಡಿ, ಸೆರೆ ಸಿಕ್ಕು, ಸೆಪ್ಟೆಂಬರ್ 20ರಂದು ಇದೇ ವಿಗಾನ್‌ನಲ್ಲಿ ಗಲ್ಲಿಗೇರಿದಳು. ಕಿತ್ತೂರು ಚೆನ್ನಮ್ಮನ ಲಾವಣಿ ಕೇಳಿ ಬೆಳೆದವಳಿಗೆ ಇಂಥ ಹೆಂಗಸಿನ ಪರಿಚಯ ಹೊಸದಾಗಿ ಬೇಕಿರಲಿಲ್ಲ.

ಸಂಜೆ ಬುರ್ಗೋಸ್ ಚೌಕದ ಎಂಪನಾದಾ ಅಂಗಡಿ ಸಾಲು. ನಾನು ಸಸ್ಯಾಹಾರಿ. ಇಲ್ಲಿ ತರಕಾರಿ ಪಲ್ಯ ಪಿನಕ್ಬೆಟ್‌ಗೂ ಮೀನಿನ ಉಪ್ಪುಗೊಜ್ಜು ಬೀಳುತ್ತದೆ, ಆದ್ದರಿಂದ ಊಟಕ್ಕೆ ಮೊದಲು ಬಾಯಿ ಬಿಟ್ಟು ಕೇಳುವುದು ಅನಿವಾರ್ಯ. "ಅವಾನ್ ತಿ ಕಾರ್ನೆ" (ಮಾಂಸ ಬೇಡ) ಅಂದೆ, ಮೊಟ್ಟೆಗೂ ತಲೆಯಾಡಿಸಿದೆ. ಅಂಗಡಿಯಾಕೆ ನಕ್ಕು, ಅಕ್ಕಿಹಿಟ್ಟಿನ ಕಿತ್ತಳೆ ಬಣ್ಣದ ಉಂಡೆಯನ್ನು ತೆಳ್ಳಗೆ ತಟ್ಟಿ, ತುರಿದ ಪರಂಗಿಕಾಯಿಯನ್ನು ಎಂದಿಗಿಂತ ಎರಡರಷ್ಟು ತುಂಬಿ, ಮಡಿಸಿ ಎಣ್ಣೆಗೆ ಬಿಟ್ಟಳು. ಆಕಾರದಲ್ಲಿ ನಮ್ಮ ಕರ್ಚಿಕಾಯಿಯೇ, ಗಾತ್ರ ಅಂಗೈಯಗಲ. ಕಬ್ಬಿನ ವಿನಿಗರ್‌ಗೆ ಈರುಳ್ಳಿ, ಮೆಣಸಿನಕಾಯಿ ಹಾಕಿದ್ದರಲ್ಲಿ ಅದ್ದಿ ತಿನ್ನಬೇಕು. ಮೇಲ್ಪದರ ಗರಿಗರಿ, ಒಳಗಿನ ಕಾಯಿ ಇನ್ನೂ ನೀರೊಡೆಯುವಂತಿತ್ತು. ಮೂರು ತಿಂದೆ.

ಶನಿವಾರ ಬೆಳಿಗ್ಗೆ ಕಲೇಸಾ ಹತ್ತಿದೆ. ಎರಡು ಗಾಲಿಯ, ಒಂಟಿ ಕುದುರೆಯ ಗಾಡಿ, ನಮ್ಮ ಟಾಂಗಾ. ಗಂಟೆ ಲೆಕ್ಕದಲ್ಲಿ ಬಾಡಿಗೆ, ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ನೆಮ್ಮದಿ. ಗಾಡಿಯವರನ್ನು 'ಮನೋಂಗ್' ಅಂದೆ, ಅಣ್ಣ ಅಂತ. ಇಲ್ಲಿ ಹೆಸರು ಹಿಡಿದು ಯಾರನ್ನೂ ಕೂಗುವುದಿಲ್ಲ. ಹಿರಿಯ ಗಂಡಸು ಮನೋಂಗ್, ಹಿರಿಯ ಹೆಂಗಸು ಮನಾಂಗ್, ಕಿರಿಯರು ಆದಿಂಗ್. ಮನೋಂಗ್ ಮೊದಲು ಪಕ್ಕದ ಬಂತಾಯ್ ಊರಿನ ಗಂಟೆಗೋಪುರ ತೋರಿಸಿದರು. 1591ರದು, ಕಡಲ ದಾಳಿಕೋರರ ಮೇಲೆ ಕಣ್ಣಿಡಲು ದಿಬ್ಬದ ಮೇಲೆ ಕಟ್ಟಿದ್ದು. 2022ರ ಜುಲೈ 27ರಂದು ಬೆಳಿಗ್ಗೆ 7.0 ತೀವ್ರತೆಯ ಭೂಕಂಪವಾದಾಗ ಅದರ ಇಟ್ಟಿಗೆಗಳು ಧಾರೆಯಾಗಿ ಸುರಿದವು. "ಕುದುರೆಗೆ ಮೊದಲು ಗೊತ್ತಾಯಿತು, ನನಗೆ ಆಮೇಲೆ" ಅಂದರು ಮನೋಂಗ್.

ಯುದ್ಧದ ಕಾಲದಲ್ಲಿ ಊರು ಹೇಗೆ ಉಳಿಯಿತು ಅಂತ ಕೇಳಿದೆ. ಊರಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆಯನ್ನೇ ಹೇಳಿದರು. ಜಪಾನಿ ಅಧಿಕಾರಿಯೊಬ್ಬ ಇಲ್ಲಿನ ಹುಡುಗಿಯನ್ನು ಮದುವೆಯಾಗಿದ್ದ, ಮಗು ಇತ್ತು. ಓಡಿಹೋಗುವ ಹೊತ್ತು ಬಂದಾಗ ಊರಿಗೆ ಬೆಂಕಿಯಿಡುವ ಆಜ್ಞೆ ಬಂತು. ಅವನು ರಾತ್ರಿ ಪಾದ್ರಿಯ ಬಾಗಿಲು ತಟ್ಟಿ, ಹೆಂಡತಿ ಮಗುವನ್ನು ಕಾಪಾಡಿ ಎಂದು ಬೇಡಿದ. ಊರು ಸುಟ್ಟರೆ ನಿನ್ನವರನ್ನು ಜನ ಬಿಡುವುದಿಲ್ಲ ಎಂದರು ಪಾದ್ರಿ. ಬೆಂಕಿ ಬೀಳಲಿಲ್ಲ. ಇದನ್ನು ಹೇಳುವಾಗ ಮನೋಂಗ್ ಗಾಡಿ ನಿಲ್ಲಿಸಿದ್ದರು. ನಡೆಸುತ್ತಾ ಹೇಳುವ ಕಥೆಯಲ್ಲ ಅದು ಅನ್ನುವಂತೆ.

ಬುರ್ನಾಯ್ ಜಾಡಿ ಮಾಡುವ ಕುಂಬಾರರ ಕೇರಿಯಲ್ಲಿ ಅರ್ಧ ಗಂಟೆ. ಬುರ್ನಾಯ್ ಅನ್ನುವ ಶಬ್ದವೇ ಉಪ್ಪಿನಕಾಯಿ ಭರಣಿಯನ್ನು ಕಣ್ಣೆದುರು ತಂದಿತ್ತು. ಕೆಲಸವೂ ಅದೇ, ವಿನಿಗರ್, ಬಾಸಿ, ಮೀನಿನ ಗೊಜ್ಜು ಹುಳಿಯಲು ಇಡುವ ಜಾಡಿ. ಮಣ್ಣನ್ನು ಎಮ್ಮೆಯಿಂದ ತುಳಿಸಿ ಹದ ಮಾಡುತ್ತಾರೆ. ಸೊಂಟದೆತ್ತರದ ಜಾಡಿ ಕೈಯಲ್ಲಿ ಏಳುವುದನ್ನು ನೋಡಿದೆ, ಉದ್ದನೆಯ ಇಟ್ಟಿಗೆ ಗೂಡಿನ ಬಾಯಿ ಇಣುಕಿದೆ. ನನ್ನ ಮನಸ್ಸು ಆಗಲೇ ಮುಂದಿನ ನಿಲ್ದಾಣಕ್ಕೆ ಓಡಿತ್ತು.

ಕಮಂಗ್ಗಾನ್ ಊರಂಚಿನ ಕೇರಿ. ಗಾಡಿಯಿಂದ ಇಳಿಯುವ ಮೊದಲೇ ಸದ್ದು ಕೇಳಿಸಿತು. ಟಕ್, ಟಕ್, ಒಂದು ಕ್ಷಣ ಬಿಡುವು, ಮತ್ತೆ ಟಕ್. ನಾನು ಕಾಲು ಕೆಳಗಿಡದೆ ಕೂತೇ ಇದ್ದೆ. ಎಷ್ಟು ವರ್ಷವಾಗಿತ್ತು! ಮನೋಂಗ್ ತಿರುಗಿ ನೋಡಿ ಏನೂ ಕೇಳಲಿಲ್ಲ.

ತಗಡಿನ ಮಾಡಿನ ಕೆಳಗೆ ಐದಾರು ಮಗ್ಗ. ಕುಣಿಯಿಲ್ಲ, ಮಗ್ಗವೇ ನೆಲದ ಮೇಲೆ ಮಂಚದ ಹಾಗೆ ನಿಂತಿದೆ. ನೇಯುವವರು ಬೆಂಚಿನ ಮೇಲೆ ಕೂತು ಕೆಳಗೆ ಕಾಲ್ತುಳಿ ಒತ್ತುತ್ತಾರೆ. ನೇಯುತ್ತಿದ್ದವರೆಲ್ಲ ಹೆಂಗಸರೇ. ಅರವತ್ತರ ಆಸುಪಾಸಿನ ಒಬ್ಬ ಮನಾಂಗ್ ನನ್ನ ಸಹೋದ್ಯೋಗಿಯ ಅದೇ ಕಪ್ಪು ಬಿಳುಪು ಸುಳಿಯನ್ನು ನೇಯುತ್ತಿದ್ದರು. ಬಿನಾಕೊಲ್ ಅಂತ ಅದರ ಹೆಸರು. ಸುಳಿ ಮೂಡಿದ್ದಕ್ಕೆ ಕುಸಿಕುಸ್, ಅಂದರೆ ಸುಂಟರಗಾಳಿ. ಕೆಟ್ಟ ಗಾಳಿ ಇದನ್ನು ನೋಡಿ ದಿಕ್ಕು ತಪ್ಪಲಿ ಅಂತ ಹಿಂದಿನವರು ಹೊದೆಯುತ್ತಿದ್ದರಂತೆ. ಕಾಗದದಲ್ಲಿ ಬರೆದ ನಕ್ಷೆ ಎಲ್ಲೂ ಇರಲಿಲ್ಲ. ನಾಲ್ಕು ತುಳಿಗಳ ಮೇಲೆ ಕಾಲು ತಾನೇ ತಾನಾಗಿ ಓಡುತ್ತಿತ್ತು. ಹತ್ತಿಗೆ ಇಲೋಕಾನೊದಲ್ಲಿ 'ಕಾಪಾಸ್' ಅನ್ನುತ್ತಾರೆ, ಸಂಸ್ಕೃತದ ಕರ್ಪಾಸ ಮಲಯ ನಾಡಿನ ದಾರಿಯಲ್ಲಿ ಇಲ್ಲಿಗೆ ಬಂದದ್ದು. ಹತ್ತಿಕಾಯಿಯನ್ನು ಬಿದಿರು ಕೋಲಿನಿಂದ ಬಡಿದು ಬೀಜ ಬಿಡಿಸುವ ಕೆಲಸವೇ ಇಲ್ಲಿ ಬಿನತ್ಬಾತನ್ ಅನ್ನುವ ಕುಣಿತವಾಗಿ, ಮೇ ತಿಂಗಳಿನ ಹಬ್ಬಕ್ಕೂ ಅದೇ ಹೆಸರು ಬಂದಿದೆ. ಆದರೆ ಈಗ ನೂಲು ಹೊರಗಿನಿಂದ ಬರುವುದೇ ಹೆಚ್ಚು. ನಮ್ಮಲ್ಲೂ ಅಷ್ಟೇ.

ನಾನು ನೇಕಾರರ ಮಗಳು ಅಂತ ಮನೋಂಗ್ ಅವರಿಗೆ ಇಲೋಕಾನೊದಲ್ಲಿ ತಿಳಿಸಿದರು. ಮನಾಂಗ್ ಎದ್ದು ಬಂದು ನನ್ನ ಅಂಗೈ ಹಿಡಿದು ಮಗುಚಿ ನೋಡಿದರು. ಬೆರಳತುದಿ ಮುಟ್ಟಿ ತಲೆಯಾಡಿಸಿದರು. ಗಡಸಿಲ್ಲ. "ನೇಯಲು ಬರುವುದಿಲ್ಲ, ಅಪ್ಪನಿಗೆ ಬರುತ್ತದೆ" ಅಂದೆ. ಅವರು ಪಕ್ಕದ ಮಗ್ಗ ತೋರಿಸಿ, ಬೆಂಚಿನ ಮೇಲಿನ ಧೂಳು ಸೆರಗಿನ ಹಾಗೆ ಭುಜದ ಮೇಲಿದ್ದ ಬಟ್ಟೆಯಿಂದ ಒರೆಸಿ, ಕೂರು ಅಂದರು.

ಅದು ಸಾದಾ ನೇಯ್ಗೆ, ಎರಡೇ ತುಳಿ. ಬಲಗಾಲು ಒತ್ತಿದರೆ ಹಾಸು ಬಾಯಿ ತೆರೆಯುತ್ತದೆ. ಲಾಳಿಯನ್ನು ಬಲಗೈಯಿಂದ ತೂರಿ ಎಡಗೈಯಲ್ಲಿ ಹಿಡಿಯಬೇಕು. ಹಣಿಗೆಯನ್ನು ಎದೆಯ ಕಡೆ ಎಳೆದು ಒಮ್ಮೆ ಬಡಿಯಬೇಕು. ಎಡಗಾಲು ಒತ್ತು, ಈಗ ಅತ್ತಲಿಂದ ಇತ್ತ. ಇಷ್ಟೇ. ಇಷ್ಟರಲ್ಲಿ ನನ್ನ ಲಾಳಿ ಮೂರು ಸಲ ನೆಲಕ್ಕೆ ಬಿತ್ತು. ಪ್ರತಿ ಸಲವೂ ಮನಾಂಗ್ ಬಗ್ಗಿ ಎತ್ತಿಕೊಟ್ಟರು, ನಾನು ಬಗ್ಗಲು ಬಿಡಲಿಲ್ಲ. ಕಾಲು ಮತ್ತು ಕೈ ಒಂದಕ್ಕೊಂದು ಕಾಯುವುದನ್ನು ಕಲಿಯಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಒಂದೆರಡು ನಿಮಿಷ ಆ ಸದ್ದು ಬಂತು. ಟಕ್, ಬಿಡುವು, ಟಕ್. ನಾನೇ ಮಾಡುತ್ತಿದ್ದ ಸದ್ದು.

ತಡೆಯಲಾಗದೆ ಅಪ್ಪನಿಗೆ ವಿಡಿಯೊ ಕರೆ ಮಾಡಿದೆ. ನಮ್ಮೂರಲ್ಲಿ ಗಡಿಯಾರ ಎರಡೂವರೆ ಗಂಟೆ ಹಿಂದೆ, ಅಪ್ಪ ಚಹಾ ಕುಡಿಯುತ್ತಿದ್ದರು. ಮನೋಂಗ್ ಫೋನ್ ಹಿಡಿದು ನಿಂತರು.

"ಕುಣಿ ಎಲ್ಲೈತಿ? ಕಾಲ ಎಲ್ಲಿಡ್ತಾರ?" ಅದೇ ಮೊದಲ ಪ್ರಶ್ನೆ. ತುಳಿ ತೋರಿಸಿದೆ. "ಬೇಷ್. ಮಂಡಿಗೆ ಚಲೋ ಆತು ಬಿಡು" ಅಂದರು. ಮತ್ತೆ ಸುಮ್ಮನೆ ನೋಡತೊಡಗಿದರು. ನಾನು ನಾಲ್ಕಾರು ಸಲ ಲಾಳಿ ಹಾಯಿಸಿದೆ.

"ಹೊಕ್ಕ ಜಗ್ಗಬ್ಯಾಡವ್ವಾ. ಸಡ್ಲ ಬಿಡು. ಅಂಚ ಒಳಗ ಬರಾಕತ್ತೈತಿ ನೋಡು."

ನೋಡಿದೆ. ನಾನು ನೇಯ್ದ ಭಾಗ ಮನಾಂಗ್ ನೇಯ್ದದ್ದಕ್ಕಿಂತ ಎರಡು ಬೆರಳು ಕಿರಿದಾಗಿ ಸೊಂಟ ಹಿಡಿದಿತ್ತು. ಮನಾಂಗ್ ಕೂಡ ಅದನ್ನೇ ಹೇಳಲು ಬಾಯಿ ತೆರೆದಿದ್ದರು. ಅಪ್ಪನ ಬೆರಳು ಪರದೆಯ ಮೇಲೆ ತೋರಿಸಿದ ಕಡೆಗೆ ನೋಡಿ ಅವರೂ "ವೆನ್, ವೆನ್" ಅಂದರು, ಹೌದು ಹೌದು ಅಂತ.

"ನಿಂದ್ರು" ಅಂದರು ಅಪ್ಪ, ಧ್ವನಿ ಬದಲಾಗಿತ್ತು. "ಎಡಕ್ಕ ಅಂಚಿನ ಕಡೆ ಒಂದ ಎಳಿ ಹರದೈತಿ. ಬಡೀಬ್ಯಾಡ."

ನನಗೆ ಕಾಣಲಿಲ್ಲ. ಮನಾಂಗ್ ಕನ್ನಡಕ ಹಣೆಯಿಂದ ಕೆಳಗಿಳಿಸಿ ಬಗ್ಗಿದರು. ಇತ್ತು. ನಾನು ಜಗ್ಗಿ ಜಗ್ಗಿ ಅಂಚು ಒಳಗೆ ಬಂದು, ಹಣಿಗೆಗೆ ಉಜ್ಜಿ ಹಾಸಿನ ಒಂದು ಎಳೆ ತುಂಡಾಗಿ ನೇತಾಡುತ್ತಿತ್ತು. ಸಾವಿರಾರು ಮೈಲಿ ಆಚೆ, ಅಂಗೈಯಗಲದ ಪರದೆಯಲ್ಲಿ, ಚಹಾ ಕುಡಿಯುತ್ತಾ ಅಪ್ಪ ಅದನ್ನು ಕಂಡಿದ್ದರು. ಮನಾಂಗ್ ಫೋನಿನ ಕಡೆ ತಿರುಗಿ, ಎರಡೂ ಕೈ ಎದೆಯ ಮೇಲಿಟ್ಟು, "ಅಪೊ" ಅಂದರು.

ಆಮೇಲೆ ಅವರು ತುಂಡು ನೂಲು ತೆಗೆದುಕೊಂಡು ಹರಿದ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಅಡ್ಡ ಹಿಡಿದು, ಉಗುರಿನ ಸುತ್ತ ಒಂದು ಸುತ್ತು ತಂದು, ಒಳಗೆ ತೂರಿ ಎಳೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು. ಅಪ್ಪ "ಇನ್ನೊಮ್ಮೆ ಮಾಡಾಕ ಹೇಳು" ಅಂದರು. ಮನಾಂಗ್ ನಿಧಾನಕ್ಕೆ ಇನ್ನೊಂದು ನೂಲಿನಲ್ಲಿ ಮಾಡಿ ತೋರಿಸಿದರು. ಅಪ್ಪ ಅಲ್ಲಿ ಪಂಚೆಯ ಅಂಚಿನಿಂದ ಒಂದು ಎಳೆ ಕಿತ್ತು, ಅದೇ ಹೆಬ್ಬೆರಳು, ಅದೇ ಉಗುರು, ಅದೇ ಸುತ್ತು ತಂದು ಪರದೆಗೆ ಹಿಡಿದರು. ಇಬ್ಬರೂ ನಕ್ಕರು. ಮೂರನೆಯ ಸಲ ಇಬ್ಬರೂ ಕೂಡಿ ಮಾಡಿದರು. ಮನೋಂಗ್ ಫೋನ್ ಹಿಡಿದ ಕೈ ಬದಲಿಸಿದರು, ಇಳಿಸಲಿಲ್ಲ. ನಡುವೆ ಭಾಷಾಂತರಕ್ಕೆ ನಾನು ಬೇಕಾಗಿರಲಿಲ್ಲ.

ಎರಡು ತಾಸಿನಲ್ಲಿ ನಾನು ನೇಯ್ದದ್ದು ಒಂದು ಗೇಣು. ಅದನ್ನು ಕತ್ತರಿಸಿ ತರಲಾಗದು, ಹಾಸು ಇನ್ನೂ ಮೊಳಗಟ್ಟಲೆ ಉಳಿದಿತ್ತು. ಬಿಚ್ಚಿ ಸರಿಮಾಡಿಕೊಳ್ಳಿ ಅಂದೆ. ಮನಾಂಗ್ ಬೇಡವೆಂದು ಕೈಯಾಡಿಸಿದರು. ಅದು ಅಲ್ಲೇ, ಯಾರದೋ ಮೇಜಿನ ಹಾಸಿನಲ್ಲಿ ಉಳಿಯಲಿದೆ. ಕಲಿಸಿದ್ದಕ್ಕೆ ದುಡ್ಡು ಮುಟ್ಟಲಿಲ್ಲ. ಅಪ್ಪನಿಗೆಂದು ಬಿನಾಕೊಲ್ ಹೊದಿಕೆ ಕೊಂಡೆ, ಅದರ ಬೆಲೆಯಲ್ಲಿ ನಾನು ಚೌಕಾಸಿ ಮಾಡಲಿಲ್ಲ. ಅಗಲ ಸಾಲದೆ ಎರಡು ಪಟ್ಟಿ ನೇಯ್ದು ನಡುವೆ ಕೈಹೊಲಿಗೆ ಹಾಕಿದ ಹೊದಿಕೆ. ಕಾಯೆ ಕ್ರಿಸೊಲೊಗೊದ ಅಂಗಡಿಗಳಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅಲ್ಲಿ ಯಂತ್ರದ ಬಟ್ಟೆಯೂ ಕೈಮಗ್ಗದ್ದೂ ಒಂದೇ ಕಂತೆಯಲ್ಲಿರುತ್ತವೆ. ನೇಯುವ ಜಾಗದಲ್ಲೇ ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪಕ್ಕದ ಇಲೋಕೋಸ್ ನೋರ್ತೆಯ ಪಿನಿಲಿಯ ನೇಕಾರಿ ಮಗ್ದಲೇನಾ ಗಮಾಯೊ ಅವರಿಗೆ 2012ರಲ್ಲಿ, ಎಂಬತ್ತೆಂಟರ ಹತ್ತಿರದ ವಯಸ್ಸಿನಲ್ಲಿ, ದೇಶ ತನ್ನ ಜೀವಂತ ಸಂಪತ್ತು ಎಂದು ಗೌರವ ಕೊಟ್ಟಿತು. ಗೌರವ ದೊಡ್ಡದು. ಆದರೆ ಮಗ್ಗದ ಮುಂದೆ ಇನ್ನೊಬ್ಬಳು ಹುಡುಗಿ ಕೂರಬೇಕಾದರೆ ಬಟ್ಟೆ ಮಾರಾಟವಾಗಬೇಕು. ಅಂದು ಅಲ್ಲಿದ್ದವರಲ್ಲಿ ಮೂವತ್ತರ ಕೆಳಗಿನವಳು ಒಬ್ಬಳೇ.

ಹೊರಡುವಾಗ "ದಿಯೋಸ್ ತಿ ಅಗ್ನಿನಾ" ಅಂದೆ. ಇಲೋಕಾನೊದ ಧನ್ಯವಾದ. ದೇವರೇ ಇದರ ಬೆಲೆ ಸಲ್ಲಿಸಲಿ ಅಂತ ಅದರ ತಾತ್ಪರ್ಯ.

ಭಾನುವಾರ ಹಗಲು ಬಸ್ಸಿಗೇ ಮರಳಿದೆ, ಬರುವಾಗ ಕತ್ತಲಲ್ಲಿ ತಪ್ಪಿದ್ದನ್ನು ನೋಡಲು. ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಬೆಟ್ಟ ಸೀಳಿಕೊಂಡು ಅಬ್ರಾ ನದಿ ಹೊರಬರುವ ಕಣಿವೆ, ಅದರ ಮೇಲೆ ಕಿರಿನೊ ಸೇತುವೆ. ನೀರು ಹಸಿರು. ಮಡಿಲಲ್ಲಿ ಹೊದಿಕೆ ಇತ್ತು.

ಮೂರು ತಿಂಗಳ ನಂತರ ಊರಿಗೆ ಹೋದಾಗ ಅಪ್ಪನ ಕೈಗೆ ಕೊಟ್ಟೆ. ಅವ್ವ "ಏ, ಕಣ್ಣು ತಿರಗತಾವ" ಅನ್ನುತ್ತಾ ಬೆರಳಿಂದ ಸುಳಿ ತೀಡಿದಳು. ಅಪ್ಪ ಸುಳಿಯ ಕಡೆ ನೋಡಲಿಲ್ಲ. ಹೊದಿಕೆಯನ್ನು ಮೊಣಕಾಲ ಮೇಲೆ ಹಾಸಿ, ಮಗುಚಿ, ಹಿಂಬದಿಯನ್ನು ಹೆಬ್ಬೆರಳಿನಿಂದ ಸವರುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. ಮುಕ್ಕಾಲು ದಾರಿಯಲ್ಲಿ ಹೆಬ್ಬೆರಳು ನಿಂತಿತು. ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಚಲೋ ಹಾಕ್ಯಾಳ" ಅಂದರು.